ಬರದ ನಾಡಿನ ಮನೆವಾರ್ತೆ

ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿಲ್ಲ. ಶಾಲೆಯ ಗೋಡೆಗಳ ಮೇಲೆ ಅದನ್ನು ಬರೆಯಿಸಿರುವುದುಂಟು. ಸಭೆಗಳಲ್ಲಿ ಅದನ್ನು ಉದಾಹರಿಸುವ ಮಹನೀಯರೂ ಉಂಟು. ಆದರೆ ಗಾದೆಯನ್ನು ಹೇಳುವವರು ಬಹುಮಟ್ಟಿಗೆ ಹಳ್ಳವು ತುಂಬಿ ಹರಿಯುವ ಸೀಮೆಯವರು. ಅದನ್ನು ನಡೆಸಿ ಬದುಕುವವರು ಒಂದು ಹನಿಗಾಗಿ ಆಕಾಶದ ಕಡೆಗೆ ನೋಡುವ ಸೀಮೆಯವರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿದವು. ಮಿತವ್ಯಯವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಹೊರಟಿರುವ ನಾವು ಆ ಸೀಮೆಯ ಮನೆಗಳನ್ನೇ ಉದಾಹರಣೆಗೆ ಆರಿಸಿಕೊಂಡಿರುವುದಕ್ಕೆ ಇದೇ ಕಾರಣ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿರುವ ಸಂಗತಿಯು ವಾಚಕರಿಗೆ ತಿಳಿದದ್ದೇ. 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಎಡೆಗಳ ಬಂಡೆಗಳನ್ನು ಬೆಳಕಿಗೆ ತಂದರು. ತಾಯಿತಂದೆಗಳ ಮಾತನ್ನು ಕೇಳತಕ್ಕದ್ದು, ಪ್ರಾಣಿಗಳಲ್ಲಿ ದಯೆಯಿರತಕ್ಕದ್ದು, ಸತ್ಯವನ್ನೇ ನುಡಿಯತಕ್ಕದ್ದು ಎಂದು ಅವು ಸಾರುತ್ತಿವೆ. ಅದೇ ಚಕ್ರವರ್ತಿಯು ಗಿರ್ನಾರ್ ಮೊದಲಾದ ಕಡೆಗಳಲ್ಲಿ ಕೆತ್ತಿಸಿದ ಮೂರನೆಯ ಬಂಡೆಶಾಸನದಲ್ಲಿ ಇಂಥ ಧರ್ಮಗಳ ಜೊತೆಗೆ ಮತ್ತೊಂದು ಮಾತು ಸೇರಿದೆ: ಅಲ್ಪವಾಗಿ ವೆಚ್ಚಮಾಡುವುದೂ ಅಲ್ಪವಾಗಿ ಕೂಡಿಡುವುದೂ ಒಳ್ಳೆಯದೆಂದು. ರಾಜ್ಯವಾಳುವವನು ಮನೆಯ ಲೆಕ್ಕವನ್ನೂ ಧರ್ಮದ ಪಟ್ಟಿಯಲ್ಲಿ ಸೇರಿಸಿದನೆಂಬುದು ನಮ್ಮ ಮನಸ್ಸಿಗೆ ಬಹಳ ಹಿಡಿಸಿದ ವಿಷಯ. ಆದರೆ ಚಳ್ಳಕೆರೆಯ ಗೃಹಿಣಿಯನ್ನು ಕೇಳಿದರೆ, ಆಕೆಯು ಆ ಮಾತಿನ ಮೊದಲರ್ಧವನ್ನು ಒಪ್ಪಿ ಎರಡನೆಯ ಅರ್ಧಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸುವಳೆಂದು ನಾವು ನಂಬಿದ್ದೇವೆ. ಪಾತ್ರೆಪದಾರ್ಥಗಳನ್ನು ಅಲ್ಪವಾಗಿ ಕೂಡಿಡಬಹುದು. ಕಾಳನ್ನು ಮಾತ್ರ ಹಾಗೆ ಮಾಡಲಾಗದು.

ಆಕೆಯ ಈ ಹಟಕ್ಕೆ ಇತಿಹಾಸದ ಆಧಾರವುಂಟು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ, ಎಂದರೆ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಮೈಸೂರು ಸಂಸ್ಥಾನದ ಜನರಲ್ಲಿ ಐದರಲ್ಲೊಂದು ಪಾಲಿನಷ್ಟು ಮಂದಿ ಅಳಿದರೆಂದು ಲೆಕ್ಕ. ಅಂಥ ನೆನಪುಳ್ಳ ನಾಡಿನಲ್ಲಿ ಹಗೇವು, ವಾಡೆ, ಗುಡಾಣಗಳು ಅಲಂಕಾರಕ್ಕಾಗಿ ಹುಟ್ಟಿದವಲ್ಲ. ರಾಗಿಯು ಹುಳುಹಿಡಿಯದೆ ವರ್ಷಗಟ್ಟಲೆ ಕೆಡದಿರುವ ಧಾನ್ಯ. ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷಕ್ಕೆ ಸಾಗಿಸುವ ಬಂಡಿಯೇ ಅದು. ಬ್ಯಾಂಕು ಬರುವುದಕ್ಕೆ ಎಷ್ಟೋ ಮುಂಚೆ ಈ ಸೀಮೆಯ ಉಳಿತಾಯದ ಖಾತೆಯು ನೆಲದೊಳಗಿನ ಹಗೇವಿನಲ್ಲಿದ್ದಿತು.

ಕೆಲವು ಕಾಲದ ಹಿಂದೆ ನಾವು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಂದು ಮನೆಯ ಜಗಲಿಯ ಮೇಲೆ ಕುಳಿತಿದ್ದೆವು. ನಡುಮನೆಯಲ್ಲಿ ಶೇಂಗಾಕಾಯಿಯ ನಾಲ್ಕು ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಗಳ ಮೇಲೆ ಇರಿಸಿದ್ದರು. ಮನೆಯ ಹಿರಿಯಾಕೆಯನ್ನು, ಅಜ್ಜಿ, ಇದನ್ನು ಈಗಲೇ ಮಾರಿದರೆ ಒಳ್ಳೆಯ ಬೆಲೆ ಬರುವುದಲ್ಲವೆ ಎಂದು ಕೇಳಿದೆವು. "ಮಾರಬೋದು ಸ್ವಾಮಿ. ಮುಂಗಾರಿನಾಗೆ ಭೂಮಿ ಬಾಯಿ ಬಿಟ್ಟಾಗ ಅದರ ಬಾಯಿಗೆ ದುಡ್ಡು ಹಾಕ್ಲಾ?" ಎಂದು ಆಕೆಯು ಉತ್ತರವಿತ್ತಳು. ಅರ್ಥಶಾಸ್ತ್ರದ ಒಂದು ಅಧ್ಯಾಯವು ಈ ಪ್ರಶ್ನೆಯಲ್ಲಡಗಿದೆ. ಶೇಂಗಾಕ್ಕೆ ಬೇಕಾಗುವ ಬೀಜವು ಅಲ್ಪವಲ್ಲ. ಎಕರೆಗೆ ಸುಮಾರು 40 ಕಿಲೋಗ್ರಾಂ ಬೀಜ ಬೇಕು, ಎಂದರೆ ಐವತ್ತೈದು ಅರುವತ್ತು ಕಿಲೋಗ್ರಾಂ ಕಾಯಿ. ಮನೆಯಲ್ಲಿ ಬೀಜವಿಲ್ಲದ ಒಕ್ಕಲು ಬಿತ್ತನೆಯ ಹದವು ಬಂದ ದಿನ ಊರಿನವರೆಲ್ಲರೂ ಕೊಳ್ಳುವ ಬೆಲೆಗೆ, ಬಹುಶಃ ಸಾಲಮಾಡಿ, ಕೊಳ್ಳಬೇಕಾಗುವುದು. ಆ ಮೇಲೆ ಮಳೆಯು ಕೈಕೊಟ್ಟರೆ ಬೆಳೆಯೊಂದೇ ಅಲ್ಲದೆ ಸಾಲವೂ ಹೊಲದಲ್ಲಿ ನಿಲ್ಲುವುದು. ಆದಕಾರಣ ಬಿತ್ತನೆಯ ಬೀಜವನ್ನು ಮುಟ್ಟದಿರುವುದೇ ಈ ನಾಡಿನ ಮಿತವ್ಯಯದ ಮೊದಲನೆಯ ಸೂತ್ರವೆಂದು ತಿಳಿಯತಕ್ಕದ್ದು.

ಎರಡನೆಯ ಸೂತ್ರವೆಂದರೆ ಯಾವುದನ್ನೂ ಒಂದೇ ಸಲಕ್ಕೆ ಮುಗಿಸದಿರುವುದು. ಬಸ್ಸಾರನ್ನೇ ನೋಡಿರಿ. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಉಳಿದುದರಿಂದ ಪಲ್ಯ. ಒಂದೇ ಒಲೆ, ಒಂದೇ ನೀರು, ಎರಡು ಪದಾರ್ಥ. ಬೆಂದ ನೀರಿಗಿಳಿದ ಸಾರವನ್ನು ಬಚ್ಚಲಿಗೆ ಚೆಲ್ಲದೆ ಮುದ್ದೆಯ ಜೊತೆಗೆ ಉಣ್ಣುವ ಈ ಪದ್ಧತಿಯನ್ನು ಆಹಾರಶಾಸ್ತ್ರಜ್ಞರು ಈಚೆಗೆ ಹೊಗಳುತ್ತಿರುವರು. ನಮ್ಮ ತಾಯಂದಿರು ಹೊಗಳಿಕೆಗೆ ಕಾಯಲಿಲ್ಲ. ಹುಣಸೆಯ ಹಣ್ಣು ಸಾರಿಗೆ. ಅದರ ಬೀಜವನ್ನು ಹುರಿದು ಪುಡಿಮಾಡಿ ಕಾಯಿಸಿದ ಸರಿಯು ಚಳ್ಳಕೆರೆಯ ಹೆಸರಾಂತ ಕುರಿಕಂಬಳಿಗೆ ಗಂಜಿ. ಆ ಕಂಬಳಿಯೋ ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ, ನೆಂಟರಿಗೆ ಗದ್ದಿಗೆ. ಹಳೆಯ ಸೀರೆಯು ಕೌದಿಯಾಗುವುದು. ಕೌದಿಯು ಹರಿದರೆ ಒರಸುವ ಬಟ್ಟೆಯಾಗುವುದು. ಅಕ್ಕಿ ತೊಳೆದ ನೀರೂ ಕಾಳು ತೊಳೆದ ನೀರೂ ಕಲಗಚ್ಚಾಗಿ ಎಮ್ಮೆಯ ಬಾನಿಗೆ ಹೋಗಿ ಹಾಲಾಗಿ ಹಿಂದಿರುಗುವುವು.

ಶೇಂಗಾದ ವಿಚಾರದಲ್ಲಿಯೂ ಹೀಗೆಯೇ. ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಹೆಸರು ಬಂದದ್ದು ಅಲ್ಲಿಯ ಎಣ್ಣೆಗಿರಣಿಗಳಿಂದ. 1990ರ ದಶಕದ ನಡುವಿನಿಂದ ಹೊರದೇಶದ ತಾಳೆಯೆಣ್ಣೆಯು ಅಗ್ಗವಾಗಿ ಬಂದಿಳಿಯತೊಡಗಿದ ಮೇಲೆ ಅನೇಕ ಗಿರಣಿಗಳು ಬಾಗಿಲು ಮುಚ್ಚಿದವು. ಇದು ವ್ಯಾಪಾರದ ಮಾತು. ಮನೆಯ ಲೆಕ್ಕವೇ ಬೇರೆ. ನೂರು ಕಿಲೋ ಕಾಯಿಯನ್ನು ಸುಲಿದರೆ ಸುಮಾರು 70 ಕಿಲೋ ಬೀಜ. ಅದನ್ನು ಅರೆಯಿಸಿದರೆ ಹೆಚ್ಚುಕಡಿಮೆ 28ರಿಂದ 30 ಕಿಲೋ ಎಣ್ಣೆ, ಉಳಿದದ್ದು ಹಿಂಡಿ. ಐದು ಮಂದಿಯ ಸಂಸಾರದಲ್ಲಿ ತಲೆಗೆ ದಿನಕ್ಕೆ 20 ಗ್ರಾಂ ಎಣ್ಣೆಯೆಂದು ಹಿಡಿದರೆ ವರ್ಷಕ್ಕೆ 36 ಕಿಲೋ ಬೇಕು. ಸುಮಾರು 120 ಕಿಲೋ ಕಾಯಿಯಲ್ಲಿ ಅದು ದೊರೆಯುವುದು. ಹಿಂಡಿಯು ಹಸುವಿಗೆ, ಒಣಗಿದ ಬಳ್ಳಿಯು ಮೇವಿಗೆ, ಸಿಪ್ಪೆಯು ಒಲೆಗೆ. ಕಾಯಿಯನ್ನೆಲ್ಲ ಮಾರಿಬಿಟ್ಟು ಎಣ್ಣೆ, ಹಿಂಡಿ, ಸೌದೆಗಳನ್ನು ಬೇರೆಬೇರೆಯಾಗಿ ಕೊಳ್ಳುವ ಒಕ್ಕಲು ಮೂವರು ವರ್ತಕರಿಗೆ ಲಾಭವನ್ನು ಕೊಟ್ಟಂತಾಗುವುದು.

ಇದನ್ನೆಲ್ಲ ಓದಿ, ಹಳೆಯ ಕಾಲವೇ ಚೆನ್ನಾಗಿತ್ತೆಂದು ನಿಟ್ಟುಸಿರುಬಿಡುವವರ ಗುಂಪಿಗೆ ನಮ್ಮನ್ನು ಸೇರಿಸಬಾರದಾಗಿ ವಾಚಕರಲ್ಲಿ ಪ್ರಾರ್ಥನೆ. ಎಮ್ಮೆಯಿಲ್ಲದ, ಹೊಲವಿಲ್ಲದ ಮನೆಗಳು ಈಗ ಅನೇಕ. ಮೊಳಕಾಲ್ಮೂರಿನಲ್ಲಿ ರೇಷ್ಮೆಸೀರೆಯನ್ನು ನೇಯುವ ಸಂಸಾರಕ್ಕೆ ಹಗೇವಿಲ್ಲ; ಮಗ್ಗದ ಕೂಲಿಯೇ ಅದರ ಹೊಲ. ಅಂಥ ಮನೆಯಲ್ಲಿ ಉಳಿತಾಯವನ್ನು ಹುಡುಕಬೇಕಾದ ಸ್ಥಳಗಳು ಬೇರೆ. ಅವುಗಳಲ್ಲಿ ಕೆಲವನ್ನು ಹೇಳುವೆವು.

ಒಂದು, ನೀರು. ನಲ್ಲಿಯು ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕುತ್ತಿದ್ದರೆ ದಿನಕ್ಕೆ ಸುಮಾರು 20 ಲೀಟರು ಹೋಗುವುದು. ಶುದ್ಧ ನೀರಿನ ಘಟಕದಿಂದ ದುಡ್ಡು ಕೊಟ್ಟು ತರುವ ಒಂದು ಕ್ಯಾನಿನಷ್ಟು. ಕೆಲವು ರೂಪಾಯಿಗಳ ವಾಷರು ಅದನ್ನು ನಿಲ್ಲಿಸುವುದು. ಇನ್ನು ಮಳೆಯ ನೀರು. ವರ್ಷಕ್ಕೆ 500 ಮಿಲಿಮೀಟರಿನಷ್ಟು ಮಳೆಯೆಂದು ಹಿಡಿದರೂ 50 ಚದರ ಮೀಟರಿನ ಮಾಳಿಗೆಯ ಮೇಲೆ 25,000 ಲೀಟರು ಬೀಳುವುದು. ಐದರಲ್ಲೊಂದು ಪಾಲು ಪೋಲಾದರೂ 20,000 ಲೀಟರು ಕೈಗೆ ಬರುವುದು. ಕೊಳವೆಬಾವಿಯನ್ನು ಸಾವಿರ ಅಡಿ ಕೊರೆಯಿಸಲು ಸಾಲಮಾಡುವವರು ತಲೆಯ ಮೇಲಿನ ಮಾಳಿಗೆಗೆ ಒಂದು ಕೊಳವೆಯನ್ನು ಹಾಕಿಸಲು ಹಿಂದೆಮುಂದೆ ನೋಡುವುದು ಆಶ್ಚರ್ಯಕರವಾಗಿದೆ.

ಎರಡು, ಉರುವಲು. ಹುರುಳಿ, ಅವರೆ, ಕಡಲೆಗಳನ್ನು ಹಿಂದಿನ ರಾತ್ರಿಯೇ ನೆನೆಯಿಟ್ಟರೆ ಬೇಯುವ ಹೊತ್ತು ಬಹಳ ಮಟ್ಟಿಗೆ ಇಳಿಯುವುದು. ಗಡಸು ನೀರಿನ ಊರುಗಳಲ್ಲಿ ಕಾಳು ಬೇಗ ಬೇಯುವುದಿಲ್ಲವಾದ್ದರಿಂದ ಇದು ಇನ್ನೂ ಅವಶ್ಯಕ. ಬೇಗ ಬೇಯಲೆಂದು ಸೋಡವನ್ನು ಹಾಕುವುದು ಕಾಳಿನ ಸತ್ತ್ವಕ್ಕೆ ಕೇಡು. ಪಾತ್ರೆಗೆ ಮುಚ್ಚಳವಿರಲಿ; ಕುದಿ ಬಂದ ಮೇಲೆ ಉರಿಯು ತಗ್ಗಲಿ, ಏಕೆಂದರೆ ಕುದಿಯುವ ನೀರು ಎಷ್ಟು ಉರಿಸಿದರೂ ಇನ್ನಷ್ಟು ಬಿಸಿಯಾಗದು. ಚೆನ್ನಾಗಿ ಕುದಿಬಂದ ಅನ್ನದ ಪಾತ್ರೆಯನ್ನು ಇಳಿಸಿ ಹಳೆಯ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಉಳಿದ ಬೇಯುವಿಕೆಯು ಉರಿಯಿಲ್ಲದೆ ತಾನಾಗಿಯೇ ಮುಗಿಯುವುದು. ಚಳಿಯನ್ನು ಒಳಗೆ ಬಿಡದ ಕಂಬಳಿಯು ಶಾಖವನ್ನು ಹೊರಗೆ ಬಿಡುವುದೆ?

ಮೂರು, ಅಂಗಡಿ. ಒಂದು ರೂಪಾಯಿ, ಎರಡು ರೂಪಾಯಿಯ ಪ್ಯಾಕೆಟ್ಟುಗಳು ಅಗ್ಗವೆಂಬ ಭ್ರಮೆಯು ಎಲ್ಲೆಡೆಯೂ ಹರಡಿದೆ. ನಿತ್ಯವೂ ಚಿಕ್ಕ ಪೊಟ್ಟಣದಲ್ಲಿ ಚಹಾಪುಡಿ, ಸೋಪಿನ ಪುಡಿ, ಎಣ್ಣೆಗಳನ್ನು ತರುವ ಮನೆಯವರು ತಿಂಗಳ ಕೊನೆಗೆ ಅದನ್ನೇ ಕಿಲೋ ಲೆಕ್ಕಕ್ಕೆ ಹಾಕಿ ನೋಡಲಿ. ಕಾಗದಕ್ಕೆ ಎಷ್ಟು ಕೊಟ್ಟೆವೆಂಬುದು ಆಗ ತಿಳಿಯುವುದು. ನಾಲ್ಕು ಮನೆಯವರು ಸೇರಿ ಸಗಟಾಗಿ ಕೊಂಡು ಹಂಚಿಕೊಳ್ಳಬಹುದು. ಮಕ್ಕಳ ಬಲಕ್ಕೆಂದು ಡಬ್ಬಿಯ ಪುಡಿಗೆ ಹಣ ತೆರುವ ತಾಯಂದಿರಿಗೆ ಒಂದು ಮಾತು: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು, ಬಿಳಿಯ ಅಕ್ಕಿಯಲ್ಲಿರುವುದು ಅದರ ಒಂದು ಚಿಕ್ಕ ಅಂಶ ಮಾತ್ರ. ಮೊಳಕೆ ಬರಿಸಿ ಒಣಗಿಸಿ ಹುರಿದು ಬೀಸಿದ ರಾಗಿಯ ಹಿಟ್ಟು ಡಬ್ಬಿಯ ಪುಡಿಗೆ ಯಾವ ವಿಧದಲ್ಲಿಯೂ ತೀರ ಕೀಳಲ್ಲ. ಬೆಲೆಯಲ್ಲಿ ಹೋಲಿಕೆಯೇ ಇಲ್ಲ.

ಇಷ್ಟು ಹೇಳಿದ ಮೇಲೆ, ಉಳಿತಾಯದ ವೇಷದಲ್ಲಿ ಬರುವ ನಷ್ಟಗಳನ್ನು ಹೇಳದಿದ್ದರೆ ನಮ್ಮ ಕರ್ತವ್ಯಕ್ಕೆ ಲೋಪವಾಗುವುದು. ಈ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಮನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟಿ, ಅದು ಇನ್ನೂ ಹೆಚ್ಚಾದಲ್ಲಿ ಮೂಳೆಗಳು ಬಿಗಿದು ಸೊಂಟ ಬಾಗುವುದು. ಕಾಯಿಸಿದರೆ ಈ ದೋಷವು ಹೋಗದು. ನೀರು ಆವಿಯಾಗಿ ಫ್ಲೋರೈಡು ಮತ್ತಷ್ಟು ಗಟ್ಟಿಯಾಗುವುದು. ಕ್ಯಾನಿನ ಕೆಲವು ರೂಪಾಯಿಗಳನ್ನು ಉಳಿಸಲು ಅಂಥ ನೀರನ್ನು ಕುಡಿಯುವ ಸಂಸಾರವು ತನ್ನ ಮೂಳೆಯನ್ನು ಅಡವಿಟ್ಟಂತೆ. ಬೂಸು ಹಿಡಿದ ಶೇಂಗಾಬೀಜವನ್ನು ಮಾರಲಾಗದೆಂದು ಮನೆಯ ಚಟ್ನಿಗೆ ಬಳಸುವುದೂ ಹೀಗೆಯೇ. ಆ ಬೂಸಿನ ವಿಷವು ಯಕೃತ್ತಿಗೆ ಮಾರಕ. ಕರಿದ ಎಣ್ಣೆಯನ್ನು ಕಪ್ಪಾಗುವವರೆಗೆ ಮತ್ತೆಮತ್ತೆ ಕಾಯಿಸುವುದೂ ಇದೇ ಜಾತಿಯ ಜಾಣತನ.

ಇವೆಲ್ಲಕ್ಕಿಂತ ದೊಡ್ಡದಾದ ಸುಳ್ಳು ಉಳಿತಾಯವೊಂದುಂಟು. ಅದನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವ ಗೃಹಿಣಿಯು ನಿತ್ಯವೂ ತನ್ನ ಮೈಯಿಂದಲೇ ಮನೆಗೆ ಉಳಿಸಿಕೊಡುತ್ತಿರುವಳು. ಕಾಳು ತೀರಿದಾಗ ಮೊದಲು ಕಡಿಮೆಯಾಗುವುದು ಆಕೆಯ ತುತ್ತು. ಹಾಲು ಸಾಲದಾದಾಗ ಮೊದಲು ನಿಲ್ಲುವುದು ಆಕೆಯ ಲೋಟ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಮನೆಯಾಕೆಯ ರಕ್ತದಲ್ಲಿ ಉಳಿಸಿದ ಹಣವು ವೈದ್ಯನ ಮನೆಗೆ ಬಡ್ಡಿಸಹಿತ ಹೋಗುವುದು. ಆಕೆಯು ಮನೆಯವರೊಡನೆ ಕುಳಿತು ಸಮನಾಗಿ ಉಣ್ಣಬೇಕೆಂಬುದನ್ನು ಮಿತವ್ಯಯದ ಮೂರನೆಯ ಸೂತ್ರವೆಂದು ನಾವು ಸೇರಿಸುತ್ತೇವೆ. ಇದನ್ನು ಆಚರಣೆಗೆ ತರಬೇಕಾದವರು ಗಂಡಸರು.

ಇನ್ನು ಸಾಲದ ಮಾತು. ದಿನಕ್ಕೆ ಹತ್ತು ರೂಪಾಯಿ ಎಷ್ಟರದೆಂದು ಕೇಳುವವರುಂಟು. ವರ್ಷಕ್ಕೆ ಅದು 3,650 ರೂಪಾಯಿ. ನೂರಕ್ಕೆ ಮೂರರ ಬಡ್ಡಿಗೆ ತಂದ ಹತ್ತು ಸಾವಿರ ರೂಪಾಯಿಗೆ ವರ್ಷದ ಬಡ್ಡಿ 3,600 ರೂಪಾಯಿ. ಎಂದರೆ ದಿನಕ್ಕೆ ಹತ್ತು ರೂಪಾಯಿಯನ್ನು ಉಳಿಸಿದವಳು ಮೂರು ವರ್ಷಗಳಲ್ಲಿ ಹತ್ತು ಸಾವಿರದ ಒಡತಿಯಾಗುವಳು. ಹತ್ತು ಸಾವಿರವನ್ನು ಸಾಲ ತಂದವಳು ದಿನಕ್ಕೆ ಅದೇ ಹತ್ತು ರೂಪಾಯಿಯನ್ನು ಮೂರು ವರ್ಷ ತೆತ್ತೂ ಅಸಲಿನ ಸಾಲಗಾರಳಾಗಿಯೇ ಉಳಿಯುವಳು. ಇಬ್ಬರ ಕೈಯಿಂದ ಹೋದ ಹಣವೂ ಒಂದೇ. ಮನೆಬಾಗಿಲಿಗೆ ಬಂದು ಸಾಲವನ್ನು ಕೊಟ್ಟು ವಾರವಾರಕ್ಕೆ ಕಂತನ್ನು ಕೇಳುವ ಸಂಸ್ಥೆಗಳ ಹಾವಳಿಯು ಎಷ್ಟರಮಟ್ಟಿಗೆ ಹೋಯಿತೆಂದರೆ, ಬಲಾತ್ಕಾರದ ವಸೂಲಿಯನ್ನು ತಡೆಯಲು 2025ರಲ್ಲಿ ರಾಜ್ಯಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ ಅನಂತರ ಕಾಯಿದೆಯನ್ನೇ ಮಾಡಬೇಕಾಯಿತು. ಕಾಯಿದೆಯು ವಸೂಲಿಗಾರನ ಕೈಯನ್ನು ತಡೆಯಬಲ್ಲುದು. ಸಾಲದ ಅವಶ್ಯಕತೆಯನ್ನು ತಡೆಯಲಾರದು.

ಅದನ್ನು ತಡೆಯುವ ಮಾರ್ಗವು ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿ ದೇಶಕ್ಕೆ ದಾರಿ ತೋರಿದರು. 1980ರ ದಶಕದಲ್ಲಿ ಮೈರಾಡ ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಸಣ್ಣ ಉಳಿತಾಯದ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡು ಅಂಥ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸಿತು. 2000ದ ಸುಮಾರಿನಲ್ಲಿ ಸ್ತ್ರೀಶಕ್ತಿ ಯೋಜನೆಯು ಬಂದಿತು. ಹದಿನೈದು ಇಪ್ಪತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಕೂಡಿ, ಕೈಲಾದಷ್ಟನ್ನು ಹಾಕಿ, ಅವಶ್ಯಕತೆಯುಳ್ಳವಳಿಗೆ ಕೊಟ್ಟು, ಬಂದ ಬಡ್ಡಿಯನ್ನು ತಮ್ಮ ಗಂಟಿಗೇ ಸೇರಿಸಿಕೊಳ್ಳುವ ಈ ಏರ್ಪಾಡಿನಲ್ಲಿ ಬಡ್ಡಿಯು ಊರನ್ನು ಬಿಟ್ಟು ಹೋಗುವುದಿಲ್ಲ. ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯು 2023ರ ಆಗಸ್ಟ್ 30ರಂದು ಆರಂಭವಾಯಿತು. ಆ ಹಣದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಆಕೆಯು ತನ್ನ ಸಂಘದ ಗಂಟಿಗೆ ಹಾಕಿದರೆ, ವರ್ಷಕ್ಕೆ 2,400 ರೂಪಾಯಿ ಆಪತ್ತಿಗೆ ನೆಂಟನಾಗಿ ನಿಲ್ಲುವುದು. ಹಳೆಯ ಸಾಲದ ಕಂತಿಗೇ ಅದೆಲ್ಲವೂ ಸಂದರೆ, ಹೆಸರು ಗೃಹಲಕ್ಷ್ಮಿಯದು, ಹಣ ಸಾಹುಕಾರನದು ಎಂದಾಗುವುದು.

ಮದುವೆ, ಜಾತ್ರೆಗಳ ವಿಚಾರವನ್ನು ವಿಸ್ತರಿಸಲು ಇಲ್ಲಿ ಸ್ಥಳವಿಲ್ಲ. ವರ್ಷವೆಲ್ಲ ಹನಿಹನಿಯಾಗಿ ಕೂಡಿದ ಹಳ್ಳವು ಒಂದು ದಿನದ ಚಪ್ಪರದಡಿಯಲ್ಲಿ ಇಂಗಿಹೋಗುವುದನ್ನು ಎಲ್ಲರೂ ಕಂಡಿರುವರು. 1972ರಿಂದ ಧರ್ಮಸ್ಥಳದಲ್ಲಿ ನಡೆದುಬಂದ ಸಾಮೂಹಿಕ ವಿವಾಹಗಳಿಂದ, ಚಪ್ಪರದ ಉದ್ದಕ್ಕೂ ದಾಂಪತ್ಯದ ಸುಖಕ್ಕೂ ಸಂಬಂಧವಿಲ್ಲವೆಂಬುದು ಸಾಕಷ್ಟು ಸ್ಪಷ್ಟವಾಗಿದೆ.

ಕೊನೆಯದಾಗಿ, ಈ ಲೇಖನವನ್ನು ಓದುತ್ತಿರುವವರಿಗೇ ಕೆಲವು ಮಾತು. ನಮ್ಮ ವಾಚಕರಲ್ಲಿ ಬಹುಮಂದಿ ಪಟ್ಟಣವಾಸಿಗಳು, ಅನೇಕರು ಅಧಿಕಾರದಲ್ಲಿರುವವರು. ಬಡವರಿಗೆ ಮಿತವ್ಯಯವನ್ನು ಬೋಧಿಸುವುದು ಸುಲಭ. ಬೋಧಿಸುವ ಸಭೆಯಲ್ಲಿಯೇ ಹಾರತುರಾಯಿಗಳಿಗೂ ಬಟ್ಟೆಯ ಫಲಕಗಳಿಗೂ ಆಗುವ ವೆಚ್ಚದಿಂದ ಒಂದು ಶಾಲೆಯ ಮಾಳಿಗೆಗೆ ಮಳೆನೀರಿನ ಕೊಳವೆಯನ್ನು ಹಾಕಿಸಬಹುದು. ಅದಕ್ಕಿಂತಲೂ ಮುಖ್ಯವಾದ ವಿಷಯವೊಂದುಂಟು. ಹಳ್ಳಿಯ ಹೆಂಗಸೊಬ್ಬಳು ಪಿಂಚಣಿಯ ಕಾಗದಕ್ಕಾಗಿಯೋ ಬೆಳೆಯ ಪರಿಹಾರಕ್ಕಾಗಿಯೋ ತಾಲ್ಲೂಕು ಕಛೇರಿಗೆ ಬಂದು, ಸಾಹೇಬರಿಲ್ಲ, ನಾಳೆ ಬಾ ಎನ್ನಿಸಿಕೊಂಡು ಹಿಂದಿರುಗಿದರೆ, ಆಕೆಯ ಒಂದು ದಿನದ ಕೂಲಿ ಹೋಯಿತು. ಕಾಳನ್ನು ನೆನೆಯಿಟ್ಟು, ಹನಿಯನ್ನು ತಡೆದು, ಪೊಟ್ಟಣವನ್ನು ಬಿಟ್ಟು ಆಕೆಯು ಒಂದು ತಿಂಗಳಲ್ಲಿ ಕೂಡಿಸಿದ್ದನ್ನು ಒಂದು ‘ನಾಳೆ ಬಾ’ ಎಂಬ ಮಾತು ನುಂಗಬಲ್ಲುದು. ಕಛೇರಿಯಲ್ಲಿ ಕಡತವು ಒಂದು ತಿಂಗಳು ಮಲಗಿದರೆ, ಆ ಮನೆಯಲ್ಲಿ ಬಡ್ಡಿಯು ಒಂದು ತಿಂಗಳು ಎದ್ದಿರುವುದು. ಅಧಿಕಾರಿಯು ಹೊತ್ತಿಗೆ ಸರಿಯಾಗಿ ಹಾಕುವ ರುಜುವಿಗೆ ಸರ್ಕಾರದ ಬೊಕ್ಕಸದಿಂದ ಒಂದು ಕಾಸೂ ವೆಚ್ಚವಾಗದು. ಬಡವರ ಮನೆಗೆ ಅದಕ್ಕಿಂತ ದೊಡ್ಡ ಉಳಿತಾಯವೂ ಬೇರೊಂದಿಲ್ಲ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳು ಜನರಿಂದ ಕೆರೆಗಳನ್ನು ಕಟ್ಟಿಸಿದವರೆಂದು ಪ್ರಸಿದ್ಧರು. ಮಾಡಿದಷ್ಟು ನೀಡು ಭಿಕ್ಷೆ ಎಂಬುದು ಆ ಸೀಮೆಯ ಜನರ ನಾಲಗೆಯ ಮೇಲಿರುವ ಅವರ ವಚನ. ದುಡಿದವರಿಗೆ ದುಡಿತದ ಫಲವು ಪೂರ್ತಿಯಾಗಿ ಸಲ್ಲಬೇಕೆಂಬುದು ಅದರ ತಾತ್ಪರ್ಯ. ಗೃಹಿಣಿಯು ತನ್ನ ಪಾಲಿನ ಕೆರೆಯನ್ನು ಅಡಿಗೆಯ ಮನೆಯಲ್ಲಿ ನಿತ್ಯವೂ ಕಟ್ಟುತ್ತಿದ್ದಾಳೆ. ಅದರ ಏರಿಗೆ ತೂತು ಕೊರೆಯದಿರುವುದು ಗಂಡನ, ವರ್ತಕನ, ಅಧಿಕಾರಿಯ ಧರ್ಮವೆಂದು ಹೇಳಿ ನಾವು ಈ ಲೇಖನವನ್ನು ಮುಗಿಸುತ್ತೇವೆ.